ಓಡಿಸುವವರ ಹೆಸರು

ಮೇಜಿನ ಮೇಲೆ ಅಣ್ಣನ ಮುಷ್ಟಿ ಬಿದ್ದ ರಭಸಕ್ಕೆ ಚಹಾದ ಲೋಟ ಮಗುಚಿ ವಿಮೆಯವನ ಹಾಳೆಯ ಮೇಲೂ ತೊಡೆಯ ಮೇಲೂ ಚೆಲ್ಲಿತು. ಬಿಸಿ ಚಹಾ. ಪಾಪ, ಅವನು ಅಯ್ಯೋ ಎನ್ನಲೂ ಹೆದರಿ ಕರವಸ್ತ್ರದಿಂದ ಪ್ಯಾಂಟನ್ನು ಒತ್ತಿಕೊಳ್ಳುತ್ತ ಕುಳಿತ. ಅವನು ಅಂಥ ದೊಡ್ಡ ಪ್ರಶ್ನೆಯನ್ನೇನೂ ಕೇಳಿರಲಿಲ್ಲ. ಗಾಡಿ ಓಡಿಸುವವರ ಹೆಸರು ಹೇಳಿ ಎಂದಿದ್ದ, ಅಷ್ಟೆ.

"ನನ್ನ ಹೆಸರು ಬರ್ಕೋ ಅಂದ್ನಲ್ಲ," ಎಂದ ಅಣ್ಣ.

"ಬರ್ಕೋಬಹುದು ಸಾರ್. ಆದ್ರೆ ನಿಮ್ಮಿಂದ ಯಾರಿಗಾದ್ರೂ ಪೆಟ್ಟಾಗಿದ್ಯಾ ಅಂತ ಕಂಪನಿಯವರು ಕೇಳ್ತಾರೆ."

ಹಿಂದಿನ ವರ್ಷ ಸ್ಕೂಟರಿನವನೊಬ್ಬ ತನ್ನ ವ್ಯಾನನ್ನು ದಾಟಿ ಮುಂದೆ ಹೋದನೆಂಬ ಸಿಟ್ಟಿಗೆ ಅಣ್ಣ ಅವನನ್ನು ಸಂತೆಪೇಟೆಯ ಆಚೆಯವರೆಗೂ ಅಟ್ಟಿಸಿಕೊಂಡು ಹೋಗಿ ವ್ಯಾನಿನಿಂದಲೇ ಗುದ್ದಿದ್ದ. ಆ ಮನುಷ್ಯ ಇವತ್ತಿಗೂ ಕೋಲೂರಿಕೊಂಡು ನಡೆಯುತ್ತಾನೆ. ಇದು ಊರಿಗೆಲ್ಲ ಗೊತ್ತು, ಕಂಪನಿಗೂ ಗೊತ್ತು.

ಮಾತು ನಡೆಯುತ್ತಿದ್ದದ್ದು ಮನೆಯ ಪಕ್ಕದ ಶೆಡ್ಡಿನಲ್ಲಿ. ಅಪ್ಪ, ತಂಗಿ ಇಬ್ಬರೂ ಅಲ್ಲೇ ಇದ್ದರು. ಎದುರಿಗೆ ಕೆನೆಬಣ್ಣದ, ದುಂಡು ಮೂಗಿನ ಹಳೇ ಕಾರು ನಿಂತಿತ್ತು. ಅದರ ಹೆಸರು ದೊಡ್ಡಮ್ಮ. ಹೆಸರಿಟ್ಟವಳು ತೀರಿಹೋದ ಅಮ್ಮ. "ನನಗಿಂತ ಮೊದಲೇ ಈ ಮನೆ ಸೇರಿದವಳು, ನಿಮ್ಮಪ್ಪನ ಜೊತೆ ನನಗಿಂತ ಜಾಸ್ತಿ ಹೊತ್ತು ಇರೋಳು. ನಿಮಗೆ ದೊಡ್ಡಮ್ಮನೇ ಆಗ್ಬೇಕು," ಎಂದು ಮಕ್ಕಳಿಗೆ ಹೇಳಿ ನಗುತ್ತಿದ್ದಳು. ಲೇತ್ ಕೆಲಸದ ಅಪ್ಪ ಅದರ ಒಂದೊಂದು ಬೋಲ್ಟನ್ನೂ ತನ್ನ ಕೈಯಾರೆ ಕಡೆದು ಕೂರಿಸಿದ್ದ. ಈಗ ಆ ಕೈ ನಡುಗುತ್ತದೆ. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿಯಾಗಿದೆ.

ವಿಮೆಯವನು ಎರಡು ದಾರಿ ತೋರಿಸಿದ್ದ. ಒಂದು ಪೂರ್ತಿ ವಿಮೆ. ಹಳೇ ಗಾಡಿಯ ಬೆಲೆ ಇಷ್ಟು ಎಂದು ಮೊದಲೇ ಒಪ್ಪಿ ಬರೆದುಬಿಡುವುದು. ರಸ್ತೆಯಲ್ಲಿ ಏನೇ ಆದರೂ ಆ ಬೆಲೆ ಸಿಕ್ಕೇ ಸಿಗುತ್ತದೆ. ಆದರೆ ಹೆಸರು ಬರೆಸಿದವರು ಬಿಟ್ಟು ಬೇರೆ ಯಾರೂ ಓಡಿಸುವಂತಿಲ್ಲ. ಇನ್ನೊಂದು ಬರೀ ಬೆಂಕಿಗೆ, ಕಳ್ಳತನಕ್ಕೆ. ಅಗ್ಗ, ಆದರೆ ಗಾಡಿ ಶೆಡ್ಡು ಬಿಟ್ಟು ಕದಲಬಾರದು. ಅಂದರೆ ಮಗಳ ಹೆಸರು ಬರೆಸಬೇಕು, ಇಲ್ಲವೇ ದೊಡ್ಡಮ್ಮ ಮೂಲೆ ಹಿಡಿಯಬೇಕು.

ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಅಲ್ಲಿ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೇ ಅವಳ ಜೀವನ. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಅವಳು ದೊಡ್ಡಮ್ಮನ ಸ್ಟಿಯರಿಂಗ್ ಹಿಡಿದಿರಲಿಲ್ಲ. ಅಪ್ಪ ಕಲಿಸಿದ್ದು ಅಣ್ಣನಿಗೆ. ಅವಳು ಹಿಂದಿನ ಸೀಟಿನಿಂದ ನೋಡಿದ್ದಷ್ಟೇ. ಚಿಕ್ಕವಳಿದ್ದಾಗ ಒಮ್ಮೆ ಕದ್ದು ಆ ಜಾಗದಲ್ಲಿ ಕೂತಿದ್ದಳು. ಅಣ್ಣ ಬಂದವನೇ ಬಾಗಿಲನ್ನು ಅವಳ ಬೆರಳ ಮೇಲೆ ಬಡಿದಿದ್ದ. ಇವತ್ತಿಗೂ ಕಿರುಬೆರಳಿನ ಉಗುರು ಸೊಟ್ಟ.

"ಅಣ್ಣ ಏನಾದ್ರೂ ಮಾಡಿದ್ನಾ?" ಎಂದು ಅವತ್ತು ಡಾಕ್ಟರು ಕೇಳಿದಾಗ ಅಪ್ಪ "ಇಲ್ಲ" ಎಂದಿದ್ದ. ಗಂಟಲಲ್ಲೇ ಹುಟ್ಟಿದ ಒಣ "ಇಲ್ಲ", ರೆಪ್ಪೆ ಕೂಡ ಅಲುಗಲಿಲ್ಲ. ಅದೇ "ಇಲ್ಲ" ಆಮೇಲೆ ನೆರೆಯವರಿಗೆ, ಪೊಲೀಸರಿಗೆ, ಅಪ್ಪನ ಕೆನ್ನೆಯೇ ಊದಿಕೊಂಡ ದಿನ ಅವನ ಸ್ನೇಹಿತರಿಗೂ ಸಂದಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದಾದರೂ ಆಗಲಿ, ತನ್ನ ಪರವಾಗಿ ಅಪ್ಪ ಒಂದೇ ಒಂದು ಸಲ ಬಾಯಿ ಬಿಡಲಿ ಎಂದು ಅವಳು ಕಾದು ಕಾದು ಸೋತಿದ್ದಳು.

ಅಪ್ಪ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

"ಮಗಳ ಹೆಸರು ಬರ್ಕೊಳ್ಳಿ. ಪೂರ್ತಿ ವಿಮೆ."

"ಏನಂದೆ?" ಅಣ್ಣ ಎದ್ದ. "ಈ ಗಿಡ್ಡಿ ಓಡಿಸ್ಬೇಕು, ನಾನು ಬಾಯಿ ಚಪ್ಪರಿಸಿಕೊಂಡು ನೋಡ್ತಾ ನಿಂತ್ಕೋಬೇಕಾ?"

"ನೋಡು, ಯಾರು ಬೇಡ ಅಂದ್ರು," ಎಂದಳು ತಂಗಿ. ಅವಳ ನಾಲಿಗೆಯೂ ಆ ಮನೆಯದೇ.

ಅಣ್ಣನ ಕೈ ಅವಳ ಕೆನ್ನೆಗೆ ಬಿತ್ತು. ಅವಳು ಸ್ಪ್ಯಾನರುಗಳ ತಟ್ಟೆಯ ಮೇಲೆ ಬಿದ್ದಳು, ಕಬ್ಬಿಣವೆಲ್ಲ ನೆಲಕ್ಕೆ ಚೆಲ್ಲಾಡಿತು. ವಿಮೆಯವನು "ಸಾರ್, ಸಾರ್" ಎಂದು ಮಧ್ಯೆ ಬಂದ. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ, ಹೊಟ್ಟೆಗೊಂದು ಗುದ್ದಿ, ಅಣ್ಣ ಮೊಳೆಗೆ ನೇತುಹಾಕಿದ್ದ ಕೀ ಕಿತ್ತುಕೊಂಡು ಕಾರು ಹತ್ತಿದ. "ಯಾರ ಹೆಸರಲ್ಲಿ ಓಡುತ್ತೆ ಅಂತ ತೋರಿಸ್ತೀನಿ ಇವತ್ತು."

ಅಪ್ಪ ಅಂಗಳಕ್ಕೆ ಓಡಿದ. ಮುದುಕನಿಗೆ ಅಷ್ಟು ಕಾಲು ಎಲ್ಲಿಂದ ಬಂತೋ. ಕಬ್ಬಿಣದ ಗೇಟು ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. "ನನ್ನ ಮೇಲೆ ಹತ್ತಿಸ್ಕೊಂಡು ಹೋಗು," ಎಂದ.

ಎಂಜಿನ್ ಗುರುಗುಟ್ಟಿತು. ತಂಗಿ ಆಚೆ ಬಾಗಿಲು ತೆಗೆದು ಪಕ್ಕದ ಸೀಟಿಗೆ ಹಾರುವಷ್ಟರಲ್ಲಿ ಕಾರು ಹೊರಟಿತ್ತು. ಗಾಜಿನಲ್ಲಿ ಅಪ್ಪ ದೊಡ್ಡವನಾಗುತ್ತ ಬಂದ. ಅವಳ ಕಾಲು ತಾನಾಗಿಯೇ ಕೆಳಗೆ ಒತ್ತಿತು, ಮತ್ತೆ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ತಗಡು. ಡ್ಯಾಶ್‌ಬೋರ್ಡಿನ ಕೆಳಗೆ ಕೊಡೆಯ ಹಿಡಿಯಂತೆ ಚಾಚಿಕೊಂಡಿದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದಳು. ಕಾರು ಕಿರ್ರೆಂದು ಜಾರಿತು. ಬಂಪರು ಅಪ್ಪನ ಮೊಣಕಾಲನ್ನು ಗೇಟಿಗೆ ಒತ್ತಿಕೊಂಡು ನಿಂತಿತು. ಎಂಜಿನ್ ಆರಿತು.

ಅಣ್ಣ ಅವಳ ಜಡೆ ಹಿಡಿದು ತಲೆಯನ್ನು ಡ್ಯಾಶ್‌ಬೋರ್ಡಿಗೆ ಚಚ್ಚಿದ. ಒಮ್ಮೆ, ಇನ್ನೊಮ್ಮೆ. ಕಣ್ಣಿಗೆ ರಕ್ತ ಇಳಿಯಿತು. ಬಗ್ಗಿದವಳ ಕೈಗೆ ಕಾಲಬಳಿ ಚಿಂದಿ ಸುತ್ತಿ ಇಟ್ಟಿದ್ದ, ಎಂಜಿನ್ ತಿರುಗಿಸುವ ಕಬ್ಬಿಣದ ಸ್ಟಾರ್ಟಿಂಗ್ ಹ್ಯಾಂಡಲ್ ಸಿಕ್ಕಿತು. ಅವನು ಜಡೆ ಬಿಟ್ಟ. ಅವನ ಕೈ ಸ್ಟಿಯರಿಂಗ್ ಪಕ್ಕ ಏನೋ ಎಳೆದಾಡಿ, ಎಂಜಿನ್ ಹಚ್ಚಲು ಮತ್ತೆ ಸ್ಟಾರ್ಟರಿನ ಕಡೆಗೆ ಹೋಗುವುದು ಅವಳಿಗೆ ಕೆಂಪು ಮಸುಕಿನಲ್ಲಿ ಕಂಡಿತು. ಇನ್ನೊಂದು ಸಲ ಒತ್ತಿದರೆ ಅಪ್ಪ ಉಳಿಯುವುದಿಲ್ಲ. ಅವಳು ಬೀಸಿದಳು.

ಮಣಿಕಟ್ಟು ಮುರಿದ ಸದ್ದು ಹಸಿ ಕಡ್ಡಿ ಮುರಿದಂತಿತ್ತು. ಅದು ಕೇಳಿಸಿತು, ಆದರೂ ಅವಳು ನಿಲ್ಲಿಸಲಿಲ್ಲ. ಬೆರಳುಗಳ ಮೇಲೆ ಮತ್ತೊಂದು ಏಟು ಹಾಕಿದಳು, ಆಮೇಲೆ ಇನ್ನೊಂದು. ಆ ಕೊನೆಯ ಏಟು ಅಪ್ಪನಿಗಾಗಿ ಅಲ್ಲ. ಅದು ಅವಳಿಗೂ ಗೊತ್ತಿತ್ತು, ಹಿತವಾಗಿಯೂ ಇತ್ತು.

ಅಣ್ಣ ಬಾಗಿಲು ತಳ್ಳಿ ಅಂಗಳಕ್ಕೆ ಉರುಳಿದ. ಕೈಯನ್ನು ಹೊಟ್ಟೆಗೆ ಅವಚಿಕೊಂಡು ಮಗುವಿನ ಹಾಗೆ ಬಿಕ್ಕಿದ. "ಹಿಂದಕ್ಕೆ ತಗೊಳ್ಳೋನಿದ್ದೆ ಕಣೇ. ಹಿಂದಕ್ಕೆ ತಗೊಳ್ಳೋನೇ ಇದ್ದೆ."

"ಸುಳ್ಳು ಬೊಗಳ್ಬೇಡ," ಎಂದಳು.

ಅವಳು ಆ ಸೀಟಿಗೆ ಜರುಗಿದಳು. ಅಣ್ಣನ ಉದ್ದ ಕಾಲಿಗೆಂದು ಹಿಂದೆ ತಳ್ಳಿದ ಸೀಟು. ಅಂಚಿಗೆ ಬಂದು ತುದಿಗಾಲಲ್ಲಿ ಕ್ಲಚ್ಚು ಒತ್ತಬೇಕಾಯಿತು. ರಿವರ್ಸಿಗೆ ಹಾಕಲು ಸ್ಟಿಯರಿಂಗ್ ಪಕ್ಕದ ಗೇರ್ ಕೋಲನ್ನು ಹಿಡಿದಳು. ಕೋಲು ಕದಲಲಿಲ್ಲ. ಮತ್ತೆ ಎಳೆದು ನೋಡಿದಳು. ಅದು ಆಗಲೇ ರಿವರ್ಸಿನಲ್ಲಿತ್ತು.

ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದಳೋ. ಅಪ್ಪ ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿದ. ಅವಳು ಹ್ಯಾಂಡ್‌ಬ್ರೇಕ್ ಬಿಟ್ಟು, ಎಂಜಿನ್ ಹಚ್ಚಿ, ಹೊಸಬರಿಗೆ ಕಲಿಸುವಾಗಿನಂತೆ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ದೊಡ್ಡಮ್ಮ ಇಂಚಿಂಚಾಗಿ ಹಿಂದೆ ಸರಿಯಿತು. ಅಪ್ಪ ಗೇಟಿನ ಸರಳು ಹಿಡಿದುಕೊಂಡೇ ಜಾರಿ ನೆಲಕ್ಕೆ ಕೂತ. ಅವನ ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು.

ವಿಮೆಯವನು ಫೋನಿನಲ್ಲಿ ಆಂಬುಲೆನ್ಸಿಗೆ ವಿಳಾಸ ಹೇಳಿ, ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಬರ್ಕೋ," ಎಂದ ಅಪ್ಪ ಹಲ್ಲು ಕಚ್ಚಿ. "ಮಗಳ ಹೆಸರು. ಈಗ್ಲೇ. ಆಮೇಲೆ ನನಗೆ ಧೈರ್ಯ ಉಳಿಯಲ್ಲ."

ಚಹಾದಲ್ಲಿ ನೆಂದ ಹಾಳೆಯನ್ನು ವಿಮೆಯವನು ಕಂಪೌಂಡಿನ ಗೋಡೆಯ ಮೇಲೆ ಹರಡಿದ. ಹೆಸರು ಬರೆದ. ಇಡೀ ಜೀವನ ಅದೇ ಕೇಳಿ ಕೇಳಿ ರೂಢಿಯಾದ ಬಾಯಿ ತಾನಾಗಿಯೇ ಮುಂದಿನದನ್ನೂ ಕೇಳಿಬಿಟ್ಟಿತು.

"ಇವರಿಂದ ಯಾರಿಗಾದ್ರೂ ಪೆಟ್ಟಾಗಿದ್ಯಾ?"

ಕೇಳಿದ ಮೇಲೆ ಅವನಿಗೇ ಹೇಗೋ ಆಗಿ ತಲೆ ತಗ್ಗಿಸಿದ. ಅಂಗಳದ ನಲ್ಲಿಯ ಕೆಳಗೆ ಅಣ್ಣ ಕೈಯೊಡ್ಡಿ ಕೂತಿದ್ದ. ಬೆರಳುಗಳು ಒಂದೊಂದು ದಿಕ್ಕಿಗಿದ್ದವು. ಸ್ಟಾರ್ಟಿಂಗ್ ಹ್ಯಾಂಡಲ್ ಇನ್ನೂ ಅವಳ ತೊಡೆಯ ಮೇಲಿತ್ತು. ಅವಳು ಹೇಳಲೆಂದು ಬಾಯಿ ತೆರೆದಳು.

"ಇಲ್ಲ," ಎಂದ ಅಪ್ಪ.

ಗಂಟಲಲ್ಲೇ ಹುಟ್ಟಿದ, ಒಣ "ಇಲ್ಲ". ರೆಪ್ಪೆ ಅಲುಗಲಿಲ್ಲ. ವಿಮೆಯವನು ಬರೆದುಕೊಂಡ.

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಹ್ಯಾಂಡಲನ್ನು ಚಿಂದಿಯಲ್ಲಿ ಸುತ್ತಿ ಕೆಳಗಿಟ್ಟಳು. ಸೀಟಿನಡಿಯ ಹಿಡಿಕೆಯನ್ನು ಹುಡುಕಿ ಎತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಪಾದ ಈಗ ಬ್ರೇಕಿನ ಮೇಲೆ ಪೂರ್ತಿ ಕೂತಿತು.