ಎದುರಾಳಿಯ ಪರ ವಾದ

ನನ್ನ ಭಾವ ವಕೀಲರು. ಕೋರ್ಟಿನಲ್ಲಿ ವಾದಿಸುವುದು ಸಾಲದೆಂದು ಮನೆಯಲ್ಲೂ ಒಂದು ಕಾನೂನು ಮಾಡಿಟ್ಟಿದ್ದಾರೆ. ಯಾವ ತಕರಾರು ಬಂದರೂ ಇಬ್ಬರೂ ಎದುರಾಳಿಯ ಪರ ವಾದ ಮಾಡಬೇಕು. ಟಿ.ವಿ. ಬೇಕೆನ್ನುವವರು ಬೇಡವೆಂದು, ಬೇಡವೆನ್ನುವವರು ಬೇಕೆಂದು. ಯಾವ ವಾದ ಗಟ್ಟಿಯೋ ಅದರಂತೆ ತೀರ್ಮಾನ. ಇದರಿಂದ ಎಲ್ಲರ ಬುದ್ಧಿ ಹರಿತವಾಗುತ್ತದಂತೆ. ಹರಿತವಾಗಿದ್ದು ಅವರ ನಾಲಿಗೆ ಮಾತ್ರ.

ಅವರ ಮಗಳಿಗೂ ವಕೀಲಳಾಗುವ ಆಸೆ. ಕಾನೂನು ಕಾಲೇಜಿಗೆ ಸೇರುವ ಮುಂಚೆ ಯಾವ ಪದವಿ ಓದಬೇಕು ಎನ್ನುವುದಷ್ಟೇ ಜಗಳ. ಹುಡುಗಿಗೆ ತತ್ವಶಾಸ್ತ್ರದ ಹುಚ್ಚು. ಅಪ್ಪನಿಗೆ ವಾಣಿಜ್ಯವೇ ಆಗಬೇಕು, ಯಾಕೆಂದರೆ ಅವರ ಆಫೀಸಿಗೆ ತೆರಿಗೆ ಕೇಸು ನೋಡುವವರು ಬೇಕು.

ಊಟದ ಮೇಜು ಒರೆಸಿ ಕಲಾಪ ಶುರುವಾಯಿತು. ನ್ಯಾಯಾಧೀಶೆ ನಮ್ಮಕ್ಕ. ನಾನು ಬಿಟ್ಟಿ ಪ್ರೇಕ್ಷಕಿ.

ಮೊದಲು ಭಾವ ತತ್ವಶಾಸ್ತ್ರದ ಪರ ಎದ್ದು ನಿಂತರು. "ನಿಜ ಯಾವುದು, ನಿಜದ ಹಾಗೆ ಕಾಣೋದು ಯಾವುದು ಅಂತ ಬಿಡಿಸಿ ನೋಡೋದನ್ನ ಕಲಿಸೋದು ಅದೊಂದೇ. ಈ ಹುಡುಗಿ ಆ ಪುಸ್ತಕ ಹಿಡಿದ್ರೆ ಊಟಕ್ಕೆ ಕರೆದ್ರೂ ಕೇಳಿಸಲ್ಲ. ಅಂಥ ಪ್ರೀತೀನ ಕಿತ್ಕೊಂಡ್ರೆ ಇವಳಲ್ಲಿ ಉಳಿಯೋದೇನು?"

ಹುಡುಗಿಯ ಕಣ್ಣು ತುಂಬಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು.

ವಾಣಿಜ್ಯದ ಪರ ವಾದಿಸುವ ಸರದಿ ಬಂದಾಗ, ಸೋತರೆ ತತ್ವಶಾಸ್ತ್ರ ದಕ್ಕುತ್ತದೆಂದು ಅವಳು ಬೇಕೆಂದೇ ತಡವರಿಸಿದಳು. ಭಾವ ನಕ್ಕರು.

"ಇಷ್ಟೇನಾ? ಹಾಗಾದ್ರೆ ಲಾ ಗೀ ಎಲ್ಲ ಮರೆತುಬಿಡು. ಟೈಪಿಂಗ್ ಕಲಿ, ಆಫೀಸಲ್ಲಿ ಒಂದು ಮೂಲೇಲಿ ಕೂರಿಸ್ತೀನಿ."

ಅವಳ ಮುಖ ಕೆಂಪಾಯಿತು. ಆಮೇಲೆ ಶುರುಮಾಡಿದಳು ನೋಡಿ, ತಾನು ಪ್ರೀತಿಸಿದ್ದನ್ನು ತಾನೇ ಗುಂಡಿ ತೋಡಿ ಹೂತಳು.

"ಕಕ್ಷಿದಾರ ಬರೋದು ಮನೆ ಮುಳುಗಿದಾಗ. ಅವನಿಗೆ ಸತ್ಯ ಅಂದ್ರೇನು ಅಂತ ಪಾಠ ಬೇಕಿಲ್ಲ. ಲೆಕ್ಕಪತ್ರ ಓದಿ, ಮೋಸ ಎಲ್ಲಾಗಿದೆ ಅಂತ ತೋರಿಸೋರು ಬೇಕು. ಅದು ಬರದೆ ಅವನ ಮುಂದೆ ಕೂರೋದು ಬರೀ ನಮ್ಮ ಶೋಕಿ."

ಭಾವ ಚಪ್ಪಾಳೆ ತಟ್ಟಿದರು. ಹುಡುಗಿ ಅಮ್ಮನನ್ನೇ ನೋಡುತ್ತಿದ್ದಳು. ಅಕ್ಕ ಅವಳತ್ತ ತಿರುಗಲಿಲ್ಲ.

"ವಾಣಿಜ್ಯ" ಎಂದಳು.

ಭಾವ ಮಗಳ ಬೆನ್ನು ತಟ್ಟಿ, ಫೋನು ಹಿಡಿದು ಹೊರಗೆ ಹೋದರು. ಅಡುಗೆಮನೆಯಲ್ಲಿ ಹುಡುಗಿ ಸಿಡಿದಳು.

"ಒಂದೇ ಒಂದ್ಸಲ ನನ್ನ ಪರ ನಿಲ್ಲೋಕಾಗಲಿಲ್ವಾ ಅಮ್ಮಾ?"

"ನಿನ್ನ ಪರಾನೇ ಹೇಳಿದ್ನಲ್ಲ. ಗೆದ್ದೋಳು ನೀನು." ಅಕ್ಕ ತಟ್ಟೆ ತೊಳೆಯುತ್ತಲೇ ಇದ್ದಳು. "ಮದುವೆಯಾದ ಹೊಸದರಲ್ಲಿ ನಾನು ಸ್ಕೂಲ್ ಕೆಲಸ ಬಿಡಲ್ಲ ಅಂದೆ. ಬಿಡಬೇಕು ಅಂತ ನಿಮ್ಮಪ್ಪ ನನ್ನ ಕೈಲೇ ವಾದ ಮಾಡಿಸಿದ್ರು. ಎಷ್ಟು ಚೆನ್ನಾಗಿ ಮಾತಾಡಿದೆ ಗೊತ್ತಾ? ತೀರ್ಪು ಕೊಟ್ಟೋರು ಅವರಮ್ಮ, ನಿಮ್ಮಜ್ಜಿ."

"ಅಷ್ಟೆಲ್ಲ ಗೊತ್ತಿದ್ದೂ..."

"ಗೊತ್ತಿದ್ದೇ. ನಾನು ಗೆದ್ದು ಇಲ್ಲಿ ನಿಂತಿದ್ದೀನಿ. ನೀನೊಬ್ಬಳು ಯಾಕೆ ಪಾರಾಗ್ಬೇಕು?"

ಒದ್ದೆ ತಟ್ಟೆಯನ್ನು ಮಗಳ ಕೈಗೆ ಕೊಟ್ಟಳು. ಹುಡುಗಿ ಅದನ್ನು ಒರೆಸಿಟ್ಟಳು.