ಮಾತಾಡಂಗಿಲ್ಲ ಅಂತ ಬರೀರಿ

ಹಲೀಮಾ ಆಡುವುದು ಕನ್ನಡ ಹೌದೋ ಅಲ್ಲವೋ ಎಂದು ಹೇಳಲು ಮುಂಬಯಿಯ ಘಾಟ್ಕೋಪರ್ ಪೊಲೀಸ್ ಠಾಣೆಯ ಎದುರಿನ ಹೋಟೆಲಿನಿಂದ ವಾರಿಜಾಳನ್ನು ಕರೆಸಿದರು.

ವಾರಿಜಾ ಹೋಟೆಲಿನ ಹಣದ ಗಲ್ಲೆ ಬಿಟ್ಟು ಬಂದಿದ್ದಳು. ಠಾಣೆಗೆ ದಿನವೂ ಚಹಾ ಕಳಿಸುವವಳು ಅವಳು, ಕರೆದರೆ ಬರಲೇಬೇಕು. ಯಾರ ಮೇಲೋ ಕೇಸು, ತನ್ನನ್ನು ಯಾವುದೋ ಪಂಚನಾಮೆಗೆ ಸಹಿ ಹಾಕಲು ಕರೆದಿದ್ದಾರೆ ಎಂದುಕೊಂಡು, ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲೇ ನಿಂತಳು.

ಕೇಸು ಯಾವುದೂ ಇರಲಿಲ್ಲ. ಪಾಸ್‌ಪೋರ್ಟ್ ವೆರಿಫಿಕೇಶನ್ ನೋಡುವ ಹವಾಲ್ದಾರನ ಮೇಜಿನ ಮೇಲೆ ಹಲೀಮಾಳ ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಬರೀ ಇಸವಿ ಇರುವ, ತಾರೀಖು ಇಲ್ಲದ ಆಧಾರ್ ಕಾರ್ಡು. ಯಾವನೋ ಏಜೆಂಟು ಜೂನ್ ಒಂದು ಎಂದು ತಾನೇ ಹುಟ್ಟುಹಬ್ಬ ಗೊತ್ತುಮಾಡಿದ ಪ್ಯಾನ್ ಕಾರ್ಡು. ಲೈಟ್ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು. ಶಾಲೆಯ ದಾಖಲೆ ಇಲ್ಲ, ಯಾಕೆಂದರೆ ಶಾಲೆ ಇಲ್ಲ. ಜನನ ಪತ್ರ ಇಲ್ಲ. ಸಿಂದಗಿ ಕಡೆಯ ಹಳ್ಳಿಯೊಂದರಲ್ಲಿ ಅವಳನ್ನು ಹೊರಗೆಳೆದ ಸೂಲಗಿತ್ತಿಗೆ ಬರೆಯಲು ಬರುತ್ತಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸೊಬ್ಬಳ ಇಡೀ ಬದುಕು ಆ ಚೀಲದಲ್ಲಿ ಹಿಡಿದು, ಇನ್ನೂ ಜಾಗ ಉಳಿದಿತ್ತು.

ಪಾಸ್‌ಪೋರ್ಟ್ ಕೇಂದ್ರದ ಕೌಂಟರುಗಳು ಈ ಕಾಗದಗಳನ್ನೆಲ್ಲ ಒಪ್ಪಿದ್ದವು. ಹವಾಲ್ದಾರನಿಗೂ ಕಾಗದಗಳ ಮೇಲೆ ತಕರಾರಿರಲಿಲ್ಲ. ಅವನನ್ನು ತಡೆದು ನಿಲ್ಲಿಸಿದ್ದು ಹೆಸರು ಮತ್ತು ಹುಟ್ಟಿದೂರು ಒಂದೇ ಸಾಲಿನಲ್ಲಿ ಕೂತಿದ್ದು.

"ಹಲೀಮಾ. ಬರ್ಥ್ ಪ್ಲೇಸ್, ಕರ್ನಾಟಕ," ಎಂದು ಓದಿ ತಲೆಯೆತ್ತಿದ. "ಔರ್ ಹಿಂದಿ ಐಸಿ? 'ನಕ್ಕೋ', 'ಹೌ'... ಯೇ ಕಿಧರ್ ಕಿ ಹಿಂದಿ ಹೈ? ಬಾರ್ಡರ್ ಕೇ ಉಸ್ ಪಾರ್ ಕಿ ತೋ ನಹೀ?"

ಗಡಿಯಾಚೆಯವಳಲ್ಲ ತಾನೇ ಎಂಬ ತನ್ನ ಮಾತಿಗೆ ಅವನೊಬ್ಬನೇ ನಕ್ಕ. ಹಲೀಮಾಳ ಗಂಡ ಮಕ್ತುಮಸಾಬ ನಗಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿದ.

"ಕರ್ನಾಟಕದವಳಾದರೆ ಕನ್ನಡ ಬರಬೇಕಲ್ಲ?" ಎಂದ ಹವಾಲ್ದಾರ, ಹಿಂದಿಯಲ್ಲೇ. ತನಗೆ ಕನ್ನಡ ಬಾರದಿರುವುದು ಅಡ್ಡಿಯೆಂದು ಅವನಿಗೆ ಅನ್ನಿಸಲಿಲ್ಲ. ಅದಕ್ಕೇ ವಾರಿಜಾ ಇದ್ದಳಲ್ಲ. "ಇವಳ ಮುಂದೆ ಏನಾದರೂ ಮಾತಾಡು. ಕುಛ್ ಭೀ."

ಹಲೀಮಾ ವಾರಿಜಾಳ ಕಡೆ ತಿರುಗಿದಳು.

"ಏನ್ ಮಾತಾಡ್ಲಿ ಅಕ್ಕಾರ? ನಸಿಕಿನ್ಯಾಗ ಬಂದು ಕುಂತೀನಿ. ಒಂದ್ ಗುಟುಕು ಚಾ ಸೈತ ಕುಡದಿಲ್ಲ. ಇವ ನೋಡಿದ್ರ ಪರೀಕ್ಷಾ ಹಚ್ಚ್ಯಾನ. ಮದಿವ್ಯಾಗ ಹೆಣ್ಣು ನೋಡಾಕ ಬಂದವರೂ ಹಿಂಗ ಕೇಳಿರಲಿಲ್ಲ ನನಗ."

ವಾರಿಜಾ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. ಅವಳು ಕಾರ್ಕಳದ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಲ್ಲೆಯಲ್ಲಿ ಹಿಂದಿ, ಮರಾಠಿ. ಈ ಹೆಂಗಸು ಹೇಳಿದ್ದು ಅರ್ಥವಾಗಿತ್ತು. ಆದರೆ ಪೊಲೀಸರ ಮುಂದೆ ಖಾತ್ರಿ ಕೊಡುವುದೆಂದರೆ ಬೇರೆ ವಿಷಯ. ಅವಳು ಪ್ರಾಮಾಣಿಕವಾಗಿ, ತೂಕ ಮಾಡಿ ಹೇಳಿದಳು:

"ಕನ್ನಡ ಜೈಸಾ ಹೈ ಸಾಬ್. ಲೇಕಿನ್ ಹಮಾರಾ ವಾಲಾ ನಹೀ."

ಕನ್ನಡದ ಹಾಗಿದೆ, ನಮ್ಮ ಕಡೆಯದ್ದಲ್ಲ ಎಂಬ ಮಾತಿನಲ್ಲಿ ಹವಾಲ್ದಾರನಿಗೆ ಕೊನೆಯ 'ನಹೀ' ಒಂದೇ ಸಾಕಾಯಿತು. ಫೈಲಿನ ಮೇಲೆ ಪೆನ್ಸಿಲಿನಿಂದ ಏನೋ ಗೀಚಿದ. "ಸೋಮವಾರ ಬಾ. ನಿನ್ನ ಊರಿನವರನ್ನು ಯಾರನ್ನಾದರೂ ಕರೆದುಕೊಂಡು ಬಾ. ಕನ್ನಡ ಸರಿಯಾಗಿ ಕಲಿತುಕೊಂಡು ಬಾ," ಎಂದು ಮತ್ತೆ ನಕ್ಕ.

ರಸ್ತೆಗೆ ಬಂದಮೇಲೆ ವಾರಿಜಾ ಹಿಂದೆಯೇ ಬಂದು, "ನಾನು ಅಲ್ಲ ಅಂತ ಹೇಳ್ಲಿಲ್ಲ ಆಯ್ತಾ," ಎಂದಳು.

"ಹೌದು ಅಂತನೂ ಹೇಳ್ಲಿಲ್ಲ," ಎಂದಳು ಹಲೀಮಾ.

*

ಮಗಳು ಆರ್ಜೂ ಶಾರ್ಜಾದಲ್ಲಿ ಬ್ಯೂಟಿ ಪಾರ್ಲರಿನ ಕೆಲಸದಲ್ಲಿದ್ದಳು. ಅವಳ ಗಂಡ ಜಾವೇದ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಿದ್ದ. ಮೊದಲ ಬಸುರು, ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು. ಹಲೀಮಾಳ ಲೆಕ್ಕ ಇಷ್ಟು ಸರಳವಾಗಿತ್ತು.

ಅವಳ ಕೆಲಸವೂ ಬಾಣಂತಿಯರದ್ದೇ. ಬೆಳಗಾದರೆ ಘಾಟ್ಕೋಪರಿನಿಂದ ಮೆಟ್ರೋ ಹಿಡಿದು, ಅಂಧೇರಿಯಲ್ಲಿ ಲೋಕಲ್ ಬದಲಿಸಿ ವಿಲೆ ಪಾರ್ಲೆಗೆ ಹೋಗುತ್ತಿದ್ದಳು. ಅಲ್ಲಿಯ ಬಿಲ್ಡಿಂಗುಗಳಲ್ಲಿ ಅವಳಿಗೆ ಹೆಸರಿರಲಿಲ್ಲ, 'ಮಾಲಿಶ್‌ವಾಲಿ' ಎಂದರೆ ಸಾಕು. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತೀಡುತ್ತಿದ್ದಳು. ಹಾಗೆ ತೀಡಿಸಿಕೊಂಡ ಕೂಸುಗಳು ಬೆಳೆದು ಲಿಫ್ಟಿನಲ್ಲಿ ಅವಳ ಪಕ್ಕ ನಿಂತು ಫೋನು ನೋಡುತ್ತಿದ್ದವು. ಎಷ್ಟೋ ಮನೆಗಳ ಮೊಮ್ಮಕ್ಕಳನ್ನು ಅವಳು ಕಂಡಿದ್ದಳು. ತನ್ನದನ್ನು ಫೋನಿನೊಳಗೆ ನೋಡಿ ಸುಮ್ಮನಾಗಲು ಅವಳು ತಯಾರಿರಲಿಲ್ಲ.

ಭಾನುವಾರ ಮಕ್ತುಮಸಾಬ ಶರಣಬಸಪ್ಪನನ್ನು ಮನೆಗೆ ಕರೆತಂದ. ಶರಣಬಸಪ್ಪ ಮುಕಾದಮ, ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಿಂತ ಅಲಮೇಲ, ಇಂಡಿ ಕಡೆಯ ಹುಡುಗರನ್ನೆಲ್ಲ ಕೆಲಸಕ್ಕೆ ಹಚ್ಚುವವನು. ಮಕ್ತುಮಸಾಬನಿಗೂ ನೆಲಕ್ಕೆ ಫರ್ಶಿ ಕಲ್ಲು ಕೂರಿಸುವ ಕೆಲಸ ಅವನಿಂದಲೇ ಸಿಗುತ್ತಿತ್ತು. ಒಳ್ಳೆಯ ಮನುಷ್ಯ. ಖೋಲಿಯ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತ.

"ನೋಡವ್ವ ತಂಗಿ. ನಾ ಬರ್ತೀನಿ ಸೋಮವಾರ. ಇಕಿ ನಮ್ಮೂರಾಕಿ ಅಂತ ಹೇಳ್ತೀನಿ."

"ನಾ ನಿಮ್ಮೂರಾಕಿ ಅಲ್ಲಲ್ಲ ಅಣ್ಣಾರ."

"ಏ, ನಿಮ್ಮೂರೇನು ನಮ್ಮೂರೇನು, ನಡುವ ಒಂದು ಹಳ್ಳ ಐತಿ. ಇರಲಿ. ಆ ಹೋಟೆಲಿನಾಕಿಗೆ ನಮ್ಮ ಮಾತು ಹತ್ತಂಗಿಲ್ಲ. ಪುಸ್ತಕದಾಗಿನ್ಹಂಗ ಮಾತಾಡಬೇಕು. ನಾ ಹೇಳಿಕೊಡ್ತೀನಿ, ನನ್ನ ಹಿಂದ ಅನ್ನು." ಅವನು ಗಂಟಲು ಸರಿಮಾಡಿಕೊಂಡು, ಧ್ವಜ ಏರಿಸುವವನಂತೆ ಬೆನ್ನು ನೆಟ್ಟಗೆ ಮಾಡಿದ. "ನನ್ನ ಹೆಸರು ಹಲೀಮಾ. ನಾನು ಕರ್ನಾಟಕ ರಾಜ್ಯದ ವಿಜಯಪುರ ಜಿಲ್ಲೆಯ ನಿವಾಸಿಯಾಗಿದ್ದೇನೆ."

ಹಲೀಮಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ಯಾರು ಹಿಂಗ ಮಾತಾಡ್ತಾರ? ರೇಡಿಯೋ?"

"ನಗಬ್ಯಾಡ. ಅನ್ನು."

"ನಿಮ್ಮ ಮನ್ಯಾಗ ಹಿಂಗ ಮಾತಾಡ್ತೀರೇನು? ಮಹಾದೇವಿ ವೈನಿಗೆ 'ಅನ್ನವನ್ನು ಬಡಿಸುವವಳಾಗು' ಅಂತೀರೇನು?"

ಮಕ್ತುಮಸಾಬನಿಗೂ ನಗು ತಡೆಯಲಾಗಲಿಲ್ಲ. ಶರಣಬಸಪ್ಪ ಕೂಡ ನಕ್ಕು, ಆಮೇಲೆ, "ಮಗಳ ಸಲುವಾಗಿ ಅನ್ನವ್ವ. ಎರಡು ಮಾತು," ಎಂದ.

ಹಲೀಮಾ ಚಹಾದ ಕಪ್ಪುಗಳನ್ನು ಅವರ ಮುಂದೆ ಇಟ್ಟಳು. ಕೂಡಲಿಲ್ಲ.

"ನಿಮಗ ಪಾಸ್‌ಪೋರ್ಟ್ ಐತಿ ಅಲ್ರಿ ಅಣ್ಣಾರ? ಹೋದ ವರ್ಷ ಪರದೇಶಕ್ಕ ಹೋಗ್ತೀನಂತ ಮಾಡಿಸಿದ್ರಿ."

"ಐತಿ."

"ನಿಮ್ಮನ್ನ ಕನ್ನಡ ಮಾತಾಡಿಸಿ ನೋಡಿದ್ರೇನು?"

"ನನ್ನನ್ನ್ಯಾಕ ಕೇಳ್ತಾರ? ನನ್ನ ಹೆಸರು—"

ಅವನು ಅಲ್ಲಿಗೇ ನಿಲ್ಲಿಸಿ ಕಪ್ಪಿನೊಳಗೆ ನೋಡಿದ. ಪಕ್ಕದ ಖೋಲಿಯಲ್ಲಿ ಯಾರದೋ ಮಿಕ್ಸರು ಕಿರುಚಿ ನಿಂತಿತು.

"ಅದನ್ನ ಹೇಳಾಕತ್ತೀನಿ," ಎಂದಳು ಹಲೀಮಾ. "ನಿಮ್ಮ ಹೆಸರ ಕನ್ನಡ ಮಾತಾಡ್ತೈತಿ. ನಾ ಬಾಯಿ ಬಿಡೂದರಾಗ ನನ್ನ ಹೆಸರು ನನ್ನ ಬಾಯಿ ಮುಚ್ಚತೈತಿ. ನೀವು ಬರಬ್ಯಾಡ್ರಿ ಅಣ್ಣಾರ. ನಿಮ್ಮ ಮ್ಯಾಲೆ ಸಿಟ್ಟಿಲ್ಲ."

ಸಂಜೆ ಆರ್ಜೂ ವಿಡಿಯೋದಲ್ಲಿ ಬಂದಳು. ಮುಖವೂ ಕಾಲೂ ಊದಿದ್ದವು, ಪಾದಗಳು ಬಕೆಟ್ಟಿನ ಬಿಸಿನೀರಿನಲ್ಲಿದ್ದವು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಗೆ ಜಾರುತ್ತಿತ್ತು.

"ಅಮ್ಮೀ, ಅವ್ರು ಏನ್ ಕೇಳ್ತಾರೆ ಬೋಲ್ ದೋ ನಾ. ಪೊಲೀಸ್ ಸೇ ಝಗಡಾ ಮತ್ ಕರೋ. ನನಗೆ ಇಲ್ಲಿ... ಡರ್ ಲಗ್ತಾ ಹೈ ಅಮ್ಮೀ."

ಹಲೀಮಾ ಪರದೆಯ ಮೇಲಿನ ಆ ಊದಿದ ಪಾದಗಳನ್ನೇ ನೋಡಿದಳು. ಅಂಥ ಪಾದಗಳಿಗೆ ಎಲ್ಲಿ ಒತ್ತಬೇಕೆಂದು ಅವಳ ಹೆಬ್ಬೆರಳಿಗೆ ಗೊತ್ತಿತ್ತು. ಹೆಬ್ಬೆರಳು ಫೋನಿನ ಗಾಜಿನ ಮೇಲೆ ಸುಮ್ಮನೆ ಜಾರಿತು.

"ಬರ್ತೀನಿ," ಎಂದಳು.

ಮಾತಾಡುತ್ತೇನೆ ಎಂದು ಹೇಳಲಿಲ್ಲ.

*

ಸೋಮವಾರ ವಾರಿಜಾ ಊಟದ ಗದ್ದಲದ ನಡುವೆ ಸಿಡಿಮಿಡಿಗೊಂಡು ಠಾಣೆಗೆ ಬಂದಳು. ಹವಾಲ್ದಾರ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ್ದ.

"ಚಲೋ, ಶುರೂ ಕರೋ. ಇವತ್ತು ಸರಿಯಾದ ಕನ್ನಡ."

ಹಲೀಮಾ ಬೆಂಚಿನ ಮೇಲೆ ಕೂತಿದ್ದಳು. ಕೂತೇ ಇದ್ದಳು.

"ಸುನಾಯೀ ನಹೀ ದಿಯಾ?"

"ಕೇಳಿಸಿತು ಸಾಬ್," ಎಂದಳು ಅವಳು, ತನ್ನ ದಖನಿ ಹಿಂದಿಯಲ್ಲೇ, ಒಂದು 'ನಕ್ಕೋ'ವನ್ನೂ ಮುಚ್ಚಿಡದೆ. "ಮೈ ನೈ ಬೋಲತೀ."

ಮಕ್ತುಮಸಾಬ ಅವಳ ತೋಳು ಹಿಡಿದ. "ಹಲೀಮಾ, ಆರ್ಜೂನ ಮಾರಿ ನೆನಸು. ಎರಡು ಮಾತು ಆಡು, ಮುಗೀತದ."

"ಆಕಿ ಮಾರಿ ನೆನಿಸೇ ಸುಮ್ಮನ ಕುಂತೀನಿ. ನಾಳೆ ಆಕಿ ಕೂಸಿಗೂ ಹಿಂಗ ಕೇಳಬಾರದು." ಆಮೇಲೆ ಹವಾಲ್ದಾರನ ಕಡೆ ತಿರುಗಿ ಹಿಂದಿಗೆ ಬಂದಳು. ಫಾರ್ಮಿನಲ್ಲಿ ಭಾಷೆ ಅಂತ ಎಲ್ಲಿದೆ ಸಾಬ್, ತೋರಿಸಿ. ಮನೆ ಕೇಳಿದಿರಿ, ತೋರಿಸಿದೆ. ಕಾರ್ಡು ಕೇಳಿದಿರಿ, ಕೊಟ್ಟೆ. ಗಂಡ ಇಲ್ಲೇ ನಿಂತಿದ್ದಾನೆ. ಮಾತಾಡುವುದಿಲ್ಲ. ಮಾತಾಡುವುದಿಲ್ಲ ಅಂತಲೇ ಬರೆಯಿರಿ. ಬರೆದು ನಿಮ್ಮ ಸಹಿ ಹಾಕಿ.

"ಬರೆದರೆ ನಿನ್ನ ಪಾಸ್‌ಪೋರ್ಟು ಹೋಯಿತು ಅಂತಲೇ ತಿಳಿ."

"ಲಿಖೋ."

ಹವಾಲ್ದಾರ ಕುರ್ಚಿಯನ್ನು ಮುಂದಕ್ಕೆ ತಂದ. ಇಷ್ಟು ವರ್ಷ ಈ ಮೇಜಿನ ಮುಂದೆ ಜನ ಬರೆಯಬೇಡಿ ಎಂದು ಬೇಡಿಕೊಂಡಿದ್ದರು. ಬರೆ ಎಂದವರನ್ನು ಅವನು ನೋಡಿರಲಿಲ್ಲ. ಪೆನ್ನು ತೆಗೆದು, ಮರಾಠಿಯಲ್ಲಿ, ಸಿಟ್ಟಿನ ದಪ್ಪ ಅಕ್ಷರಗಳಲ್ಲಿ ಒಂದು ಸಾಲು ಬರೆದು ಕಾಗದವನ್ನೂ ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನೂ ಅವಳ ಕಡೆ ದೂಡಿದ. "ಅಂಗೂಠಾ."

"ಏನ್ ಬರದಾರ, ಓದ್ರಿ ಅಕ್ಕಾರ," ಎಂದಳು ಹಲೀಮಾ.

ವಾರಿಜಾ ಬಾಗಿ ಓದಿದಳು. ತುಟಿಯೊಳಗೇ ಒಮ್ಮೆ, ಆಮೇಲೆ ಗಟ್ಟಿಯಾಗಿ. "ಅರ್ಜಿದಾರಳಿಗೆ ಕನ್ನಡ ಮಾತಾಡಲು ಬರುವುದಿಲ್ಲ, ಅಂತ ಬರ್ದಿದ್ದಾರೆ."

"ಅಂಗೂಠಾ," ಎಂದ ಹವಾಲ್ದಾರ ಮತ್ತೆ.

"ಒಂದು ನಿಮಿಷ ಸಾಬ್." ವಾರಿಜಾ ಕಾಗದದ ಮೇಲೆ ಬೆರಳಿಟ್ಟಳು. "ಇದು ಸುಳ್ಳು. ಬರುವುದಿಲ್ಲ ಅಂತ ಅವಳು ಹೇಳ್ಲೇ ಇಲ್ಲ. ಮಾತಾಡುವುದಿಲ್ಲ ಅಂದದ್ದು. ಬರೋದು ಬೇರೆ, ಆಡೋದು ಬೇರೆ."

"ನೀನೇ ಅವತ್ತು ನಹೀ ಅಂದಿದ್ದೆ!"

"ನಮ್ಮ ಕಡೆದಲ್ಲ ಅಂದೆ. ನಮ್ಮ ಕಡೆಯದ್ದಲ್ಲದ್ದೆಲ್ಲ ಕನ್ನಡ ಅಲ್ಲ ಅಂತ ನಾನು ಯಾವಾಗ ಹೇಳಿದೆ? ತಪ್ಪು ನನ್ನದೇ, ಅವತ್ತೇ ಪೂರ್ತಿ ಹೇಳ್ಬೇಕಿತ್ತು." ಅವಳ ದನಿ ಏರಿತು, ಹೊರಗಿನ ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. "ನನ್ನ ಮಾವನ ಕಾಲದಲ್ಲಿ ಬೋರ್ಡಿನ ಮೇಲೆ ಕನ್ನಡ ಉಂಟು ಅಂತ ಮರಾಠಿ ಚಳವಳಿಯವರು ನಮ್ಮ ಹೋಟೆಲಿಗೆ ಕಲ್ಲು ಹೊಡೆದಿದ್ರು ಸಾಬ್. ಕನ್ನಡ ಆಡಿದ್ರೆ ಕಲ್ಲು. ಈಗ ಆಡದಿದ್ರೆ ಕಾಗದ ಇಲ್ಲ. ನಮ್ಮ ನಾಲಗೆಯನ್ನು ನಿಮ್ಮ ಹತ್ರ ಅಡವು ಇಟ್ಟಿದ್ದೇವಾ?"

"ವಾರಿಜಾಬಾಯಿ, ತುಮ್ ಅಪನಾ ಧಂದಾ ದೇಖೋ."

"ಅದೇ ನೋಡ್ತಾ ಇದ್ದೆ. ನೀವೇ ಎಬ್ಬಿಸಿ ತಂದದ್ದು. ಅಲ್ಲಿ ಗಲ್ಲೆಯಲ್ಲಿ ಯಾರೂ ಇಲ್ಲ. ಈ ಸಾಲಿನ ಕೆಳಗೆ ಸಾಕ್ಷಿ ಅಂತ ನನ್ನ ಹೆಸರು ಬಂದರೆ ನಾನು ಮೇಲಿನ ಸಾಹೇಬರ ಹತ್ರ ಹೋಗ್ತೇನೆ. ಚಹಾ ಬೇರೆ ಕಡೆಯಿಂದ ತರಿಸ್ಕೊಳ್ಳಿ."

ಮಕ್ತುಮಸಾಬ ಗೋಡೆಗೆ ಒತ್ತಿಕೊಂಡ. ಇಬ್ಬರು ಹೆಂಗಸರ ನಡುವೆ ಒಂದು ಕಾಗದ ಬಿದ್ದಿತ್ತು. ಅದರ ಮೇಲೆ ಒಬ್ಬಳ ಬೆರಳಿತ್ತು, ಇನ್ನೊಬ್ಬಳ ಹೆಬ್ಬೆಟ್ಟು ಇರಲಿಲ್ಲ.

ಹವಾಲ್ದಾರ ಆ ಸಾಲನ್ನು ಹೊಡೆದುಹಾಕಿದ. ಪೆನ್ನಿನ ಮುಚ್ಚಳ ಹಾಕಿ ತೆಗೆದ. ಕನ್ನಡ ಮಾತಾಡಲು ಒಪ್ಪಲಿಲ್ಲ ಎಂದು ಬರೆದರೆ, ಕೇಳಿದ್ದು ಯಾರು, ಯಾಕೆ ಎಂದು ಮೇಲಿನವರು ಕೇಳುವರು. ಕೊನೆಗೆ ಕನ್ನಡದ ಹೆಸರೆತ್ತದೆ ಬರೆದ: ಅರ್ಜಿದಾರಳು ಭಾಷೆಯ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿದ್ದಾಳೆ. ದಾಖಲೆಗಳು ಸರಿ ಇವೆ. ವಾರಿಜಾ ಅದನ್ನೂ ಓದಿ ಹೇಳಿದಳು. ಹಲೀಮಾ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು, ಆರ್ಜೂ ಕಲಿಸಿದ, ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಯಾರಿಗೂ ಅವಸರ ಮಾಡಲು ಬಿಡದೆ ಬರೆದಳು.

"ಇದು ಮೇಲೆ ಹೋಗಲಿ, ಆಮೇಲೆ ತಿಳಿಯುತ್ತೆ ನಿನಗೆ," ಎಂದ ಅವನು.

"ತಿಳೀಲಿ," ಎಂದಳು. ಕನ್ನಡದಲ್ಲಿ.

*

ಫೈಲು ಮೇಲೆ ಹೋಗಿ ಕೂತಿತು. ಎರಡನೇ ಸಲ ಕರೆಸಿದರು, ಬಾಂದ್ರಾದ ಪಾಸ್‌ಪೋರ್ಟ್ ಕಚೇರಿಯಲ್ಲಿ ಮತ್ತೆ ಎಲ್ಲ ಕಾಗದ ನೋಡಿದರು. ಅಲ್ಲಿಯ ಹೆಂಗಸೊಬ್ಬಳು ಆ ಸಾಲನ್ನು ಓದಿ, "ಯಾವ ಭಾಷೆಯ ಪ್ರಶ್ನೆ?" ಎಂದು ಕೇಳಿದಳು. ಹಲೀಮಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಹೆಂಗಸು ಠಸ್ಸೆ ಒತ್ತಿದಳು.

ಅಷ್ಟರಲ್ಲಿ ಆರ್ಜೂಗೆ ಹೆಣ್ಣು ಮಗು ಹುಟ್ಟಿತ್ತು. ಹೆರಿಗೆಯ ಹೊತ್ತಿಗೆ ಅವಳ ಪಕ್ಕದಲ್ಲಿ ಇದ್ದದ್ದು ಪಾರ್ಲರಿನ ಫಿಲಿಪೀನ್ಸ್ ಹುಡುಗಿಯೊಬ್ಬಳು. ಹಲೀಮಾ ಆ ರಾತ್ರಿ ಅತ್ತಳು, ಬೆಳಿಗ್ಗೆ ಎದ್ದು ಪಾರ್ಲೆಗೆ ಹೋಗಿ ಬೇರೆಯವರ ಕೂಸಿಗೆ ಎಣ್ಣೆ ಹಚ್ಚಿದಳು. ಕೆಲವು ದಿನ ಕಳೆದು ಒಂದು ಸಂಜೆ ಮನೆಗೆ ಬಂದಾಗ ಪೋಸ್ಟ್‌ಮ್ಯಾನ್ ಬಂದು ಹೋಗಿದ್ದ. ಮಕ್ತುಮಸಾಬ ಪಾಸ್‌ಪೋರ್ಟಿನ ನೀಲಿ ಪುಸ್ತಕವನ್ನು ಪಾತ್ರೆಯ ಹಲಗೆಯ ಮೇಲೆ ಇಟ್ಟು ಎದುರಿಗೆ ಕೂತಿದ್ದ.

"ಎರಡು ಮಾತು ಆಡಿದ್ರ ಹೆರಿಗಿಗೆ ನೀ ಅಲ್ಲಿರ್ತಿದ್ದಿ," ಎಂದ. ಬೈಗುಳವಲ್ಲ, ಆದರೆ ಹೇಳದೆ ಇರಲು ಅವನಿಂದ ಆಗಲಿಲ್ಲ.

"ಹೌದು. ಇರ್ತಿದ್ದೆ." ಅವಳು ಅದನ್ನು ಅಲ್ಲಗಳೆಯಲಿಲ್ಲ. "ಓದ್ರಿ ಅದನ್ನ. ಎಲ್ಲಾ ಪುಟ."

ಅವನು ಹೆಸರು ಓದಿದ, ಊರು ಓದಿದ, ಜೂನ್ ಒಂದು ಓದಿದ. ಖಾಲಿ ಪುಟಗಳನ್ನು ಮಗುಚಿದ.

"ಭಾಷಾ ಎಲ್ಲಿ ಬರದಾರ?" ಎಂದಳು ಹಲೀಮಾ.

"ಎಲ್ಲೂ ಇಲ್ಲ."

ಅವಳು ಪುಸ್ತಕವನ್ನು ಕಸಿದುಕೊಂಡು ಮಗಳಿಗೆ ವಿಡಿಯೋ ಹಚ್ಚಿದಳು. ಆರ್ಜೂಳ ಮಡಿಲಲ್ಲಿ ಕೂಸು ಮುಷ್ಟಿ ಕಟ್ಟಿಕೊಂಡು ಅಳುತ್ತಿತ್ತು.

"ಬಂತು ಅಮ್ಮೀ? ಸಚ್ಚೀ? ಸುನೋ, ಏರ್‌ಪೋರ್ಟಲ್ಲಿ ಇಮಿಗ್ರೇಶನ್ ಇರತ್ತೆ. ಅಲ್ಲಿ ಪ್ಲೀಸ್ ಝಗಡಾ ಮತ್ ಕರ್ನಾ. ಏನ್ ಕೇಳ್ತಾರೋ ಚುಪ್‌ಚಾಪ್ ಹೇಳ್ಬಿಡಿ."

"ಮೊದಲ ಏನ್ ಕೇಳ್ತಾರ ನೋಡೂಣು," ಎಂದಳು ಹಲೀಮಾ.