ಅಮ್ಮನ ಹೆಸರಿನ ಅಕ್ಕಿ

ಮಧ್ಯಾಹ್ನ ಒಂದು ಗಂಟೆಯಾದರೆ ಪಕ್ಕದ ಮನೆಯ ಹಸು ನಮ್ಮ ಹಿತ್ತಲ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿತ್ತು. ನಾಲ್ಕು ದಿನ ಗಮನಿಸಿದೆ. ಐದನೆಯ ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಹಸುವಿನ ಒಡತಿ ಸುನಂದಮ್ಮನೇ ಕಾಂಪೌಂಡಿನ ಆಚೆಯಿಂದ ನಕ್ಕರು.

“ಏನ್ರೀ ತ್ರಿವೇಣಿ, ನಿಮ್ಮಮ್ಮ ಬಂದಾಗ್ನಿಂದ ನಮ್ಮ ಗೌರಿ ಹುಲ್ಲು ಮೂಸ್ತಿಲ್ಲ. ದಿನಾ ಮುದ್ದೆ, ಅನ್ನ, ಸಾರು! ಮದುವೆ ಮನೆ ಆಗೋಗಿದೆ ಅವಳಿಗೆ.”

ನನಗೆ ನಗು ಬರಲಿಲ್ಲ. ಒದ್ದೆ ಸೀರೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಅಮ್ಮ ಕೋಲಾರದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಔಷಧಿ ಹನಿ ಹಾಕಿಸಿಕೊಳ್ಳಲು ಆರು ವಾರಕ್ಕೆಂದು ಮುಳಬಾಗಿಲಿನ ನಮ್ಮ ಮನೆಗೆ ಬಂದಿದ್ದಳು. ಬಂದ ದಿನವೇ ತೆಲುಗು ಬೆರೆಸಿ ಹೇಳಿದ್ದಳು: “ಕೂತುರಿಂಟ್ಲೋ ಮೆತುಕು ಮುಟ್ಟಕೂಡದು ಕಣೇ.” ಮಗಳಿಗೆ ಮಗುವಾಗುವವರೆಗೆ ಅವಳ ಮನೆಯ ಅಗುಳು ತವರಿನವರ ಬಾಯಿಗೆ ಹೋಗಬಾರದು ಎಂಬುದು ನಮ್ಮವರ ಕಟ್ಟಳೆ. ನನಗೆ ಮದುವೆಯಾಗಿ ಹನ್ನೊಂದು ವರ್ಷ. ಮಕ್ಕಳಿಲ್ಲ.

ಆದರೂ ತಟ್ಟೆ ಇಡುತ್ತಿದ್ದೆ. “ಇಟ್ಟು ಹೋಗು, ನಿಧಾನಕ್ಕೆ ತಿನ್ತೀನಿ,” ಅನ್ನುತ್ತಿದ್ದಳು. ತಟ್ಟೆ ಖಾಲಿಯಾಗಿ ಬರುತ್ತಿತ್ತು. ಅಮ್ಮ ಮನಸ್ಸು ಸಡಿಲಿಸಿದಳೆಂದು ನಂಬಿದ್ದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಿರಲಿಲ್ಲ. ಮಾತ್ರೆ ಅನ್ನವಲ್ಲವಲ್ಲ.

ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ರವಿಕೆ ಬೆವರಿನಿಂದ ಒದ್ದೆ, ಬೆರಳುಗಳು ನಡುಗುತ್ತಿದ್ದವು. ಪಕ್ಕದಲ್ಲಿ ತನ್ನೂರು ರಾಯಲ್ಪಾಡಿನಿಂದ ತಂದಿದ್ದ ಕಡ್ಲೆಪುರಿಯ ಚೀಲ ಖಾಲಿ ಬಿದ್ದಿತ್ತು. ನಾಲ್ಕು ದಿನ ಅದರಲ್ಲೇ ಕಳೆದಿದ್ದಾಳೆ. ಕರೆದರೆ ಯಾರನ್ನೋ ನೋಡುವಂತೆ ನೋಡಿದಳು. ಅಡುಗೆಮನೆಯಿಂದ ಒಂದು ಹಿಡಿ ಸಕ್ಕರೆ ತಂದು ತುಟಿಗಿಟ್ಟೆ. ಹಲ್ಲು ಕಚ್ಚಿಕೊಂಡಳು.

“ಯಾರ್ ಮನೇದಿದು?”

“ಸುನಂದಮ್ಮನ ಮನೇದು. ಬಾಯಿ ಬಿಡಮ್ಮಾ!”

ನನ್ನ ಹಿಂದೆಯೇ ಓಡಿ ಬಂದಿದ್ದ ಸುನಂದಮ್ಮ ಬಾಗಿಲಲ್ಲೇ ನಿಂತು, “ಹ್ಞೂಂ, ನಮ್ದೇ ಕಣಮ್ಮಯ್ಯ, ತಿನ್ನಿ,” ಅಂದರು.

ಹಲ್ಲು ಬಿಚ್ಚಿಕೊಂಡವು. ನಡುಕ ನಿಲ್ಲಲು ಕಾಲು ಗಂಟೆ ಹಿಡಿಯಿತು. ಹೊಟ್ಟೆಗಿಲ್ಲದೆ ಆ ಮಾತ್ರೆ ನುಂಗಿದರೆ ಸಕ್ಕರೆ ಪೂರ್ತಿ ಇಳಿದುಹೋಗುತ್ತದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು ಸಂಜೆ.

“ನನ್ನ ಊರಿಗೆ ಬಿಟ್ಬಿಡು,” ಅಂದಳು ಅಮ್ಮ ಮರುದಿನ.

“ಅಲ್ಲಿ ಹನಿ ಹಾಕೋರ್ಯಾರು? ಕಣ್ಣು ಹೋಗುತ್ತೆ.”

ದಾರಿ ತೋರಿಸಿದವರು ಸುನಂದಮ್ಮ. “ನಿಮ್ಮ ರೇಷನ್ ಕಾರ್ಡ್ ಇದೆಯಲ್ಲ ಅಮ್ಮಯ್ಯ? ಸರ್ಕಾರ ಕೊಡೋ ಅಕ್ಕಿ ಮಗಳದೂ ಅಲ್ಲ, ಅಳಿಯಂದೂ ಅಲ್ಲ.”

ಅಮ್ಮ ತನ್ನ ಗಂಟಿನಿಂದ ಕಾರ್ಡು ತೆಗೆದು ಕೈಯಲ್ಲಿ ತಿರುಗಿಸಿದಳು. “ಅದು ನನ್ನ ಹೆಸರಿಗೆ ಬರೋದು,” ಅಂದಳು. “ಬೇರೆ ಪಾತ್ರೇಲಿ ಮಾಡ್ಬೇಕು.”

ರೇಷನ್ ಅಂಗಡಿಯ ಯಂತ್ರ ಅವಳ ಸವೆದ ಹೆಬ್ಬೆಟ್ಟನ್ನು ಎರಡು ಸಲ ಒಪ್ಪಲಿಲ್ಲ. ಮೂರನೆಯ ಸಲವೂ ಒಪ್ಪದಿದ್ದರೆ? ನಾನು ಅವಳ ಬೆರಳನ್ನು ನನ್ನ ಸೆರಗಿನಿಂದ ಒರೆಸಿ ಒತ್ತಿದೆ. ದೀಪ ಹಸಿರಾಯಿತು.

ಅಮ್ಮ ಉಂಡಳು. ಆದರೆ ಮೂರನೆಯ ವಾರಕ್ಕೇ ಚೀಲ ತಳ ಕಂಡಿತು. ಅದೇ ಬಗೆಯ ದಪ್ಪಕ್ಕಿ ಕೊಂಡು ತಂದು, ಅವಳು ಸ್ನಾನಕ್ಕೆ ಹೋಗಿದ್ದಾಗ ಅದೇ ಚೀಲಕ್ಕೆ ಸುರಿದೆ. ಆಪರೇಷನ್ ಆದ ಕಣ್ಣು ದಿನದಿಂದ ದಿನಕ್ಕೆ ಚೆನ್ನಾಗಿ ಕಾಣತೊಡಗಿತ್ತು. ಅದು ಚೆನ್ನಾಗಿ ಕಂಡಷ್ಟೂ ನಾನು ಚೀಲವನ್ನು ಕತ್ತಲೆಯ ಮೂಲೆಗೆ ಸರಿಸುತ್ತಿದ್ದೆ.

ನಿನ್ನೆ ಅಮ್ಮ ಒಂದು ಅಗುಳನ್ನು ಬೆರಳ ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ಕೆಳಗೆ ಗೌರಿ ಕಾಯುತ್ತಿತ್ತು.

“ಇನ್ನೂ ಮುಗಿದಿಲ್ವೇನೇ ನನ್ನಕ್ಕಿ?”

“ಇಲ್ಲಮ್ಮ.”

ನನ್ನನ್ನೇ ನೋಡಿದಳು. ಆಮೇಲೆ ಕಿಟಕಿಯ ಕಡೆ. ತಟ್ಟೆ ಅವಳ ತೊಡೆಯ ಮೇಲೆ ಅಲುಗಿತು.

“ದೊಡ್ಡ ಚೀಲ ಕೊಟ್ಟವ್ರೆ ಕಣೇ ಸರ್ಕಾರದೋರು,” ಎಂದು ತುತ್ತು ಕಲೆಸಿದಳು.

ಆ ತುತ್ತು ಗಂಟಲಲ್ಲಿ ಇಳಿಯುವುದು ಕಾಣುವವರೆಗೂ ಮಾತ್ರೆಯನ್ನು ನನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದೆ.